ಬೈಕಂಪಾಡಿಯಲ್ಲಿ ಆಕಾಶವಾಣಿಯ ಒಂದು ದಿನ

1998ರ ಶ್ರಾವಣಮಾಸ. ಶಿವಾನುಭವ ಗೋಷ್ಠಿಯೊಂದರ ನಿಮಿತ್ತ ಮಂಗಳೂರಿಗೆ ಹೋದವನು ಬೈಕಂಪಾಡಿಯ ಸದ್ಭಕ್ತರೊಬ್ಬರ ಮನೆಯಲ್ಲಿ ಎರಡು ರಾತ್ರಿ ಇಳಿದುಕೊಂಡಿದ್ದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಎದ್ದ ಮೇಲೆ ಸುತ್ತಲಿನ ತೆಂಗಿನ ತೋಟಗಳೂ ಗದ್ದೆಗಳೂ ಕಾರ್ಖಾನೆಗಳಾದ ಪ್ರದೇಶವಿದು. ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳ ಸಾಲು. ಪಡುವಣದಲ್ಲಿ ಕಡಲಿನ ಮೊರೆತ. ಹೊಟ್ಟೆಪಾಡಿಗಾಗಿ ಬಯಲುಸೀಮೆಯಿಂದ ಇಳಿದು ಬಂದ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಇಲ್ಲಿ ನೆಲೆ ಕಂಡಿವೆ. ನಾನು ಇಳಿದುಕೊಂಡ ಮನೆಯವರೂ ಗದಗ ಸೀಮೆಯ ರೋಣದ ಕಡೆಯವರು. ಯಜಮಾನರಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮನೆಯಲ್ಲಿ ಅವರ ಪತ್ನಿ, ಶಾಲೆಗೆ ಹೋಗುವ ಮಗ, ಎರಡು ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡು ಊರು ಬಿಟ್ಟು ಬಂದ ವೃದ್ಧ ತಾಯಿ.

ಮೊದಲ ರಾತ್ರಿ ಪ್ರಸಾದವಾದ ಮೇಲೆ ಆ ಮನೆಯ ಸೊಸೆ ಬಾಗಿಲ ಮರೆಯಲ್ಲಿ ನಿಂತು ಮೆಲ್ಲನೆ ಹೇಳಿಕೊಂಡರು: "ಗುರುಗಳ, ಅತ್ತಿಯವರು ಊರಿಗೆ ಹೋಗತೀನಿ ಅಂತ ಹಟ ಹಿಡದಾರ್ರೀ. ಊರಾಗ ಮನಿ ಬಿದ್ದೈತಿ, ನೋಡವರು ಯಾರೂ ಇಲ್ಲ. ನೀವಾದ್ರೂ ಒಂದು ಮಾತು ಹೇಳ್ರಿ." ತಾಯಿಗೆ ಇಲ್ಲಿಯ ಮಳೆ ಒಗ್ಗಿರಲಿಲ್ಲ, ಬೀದಿಯ ಮೀನಿನ ವಾಸನೆ ಒಗ್ಗಿರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ ನೆರೆಹೊರೆಯವರು ಆಡುವ ತುಳು ಅವರಿಗೆ ಅರ್ಥವಾಗುತ್ತಿರಲಿಲ್ಲ. ನಾನು ಮಠದಲ್ಲಿ ಬೆಳೆದವನು. ಉಪದೇಶ ಹೇಳೆಂದರೆ ಹಿಂದೆಗೆಯುವವನಲ್ಲ. ಬೆಳಗಾಗಲಿ, ತಕ್ಕ ಮಾತು ಹೇಳಿದರಾಯಿತು ಎಂದುಕೊಂಡು ಮಲಗಿದೆ.

ಬೆಳಗಿನ ಜಾವ ಆರು ಗಂಟೆಗೆ ಐದು ನಿಮಿಷವಿರುವಾಗ ನನ್ನನ್ನು ಎಬ್ಬಿಸಿದ್ದು ಆಕಾಶವಾಣಿಯ ಸಂಕೇತ ಸಂಗೀತ. ನಮ್ಮ ಪೀಳಿಗೆಯವರಿಗೆ ಆ ಪಿಟೀಲಿನ ನಾದವೆಂದರೆ ಸುಪ್ರಭಾತವೇ. ಅದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್ ಎಂಬ ಯಹೂದಿ ಸಂಗೀತಜ್ಞರು. ಅವರು ಯುರೋಪಿನ ಚೆಕ್ ನಾಡನ್ನು ತೊರೆದು 1930ರ ದಶಕದಲ್ಲಿ ಮುಂಬಯಿಗೆ ಬಂದು ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಊರು ಬಿಟ್ಟು ಬಂದವನೊಬ್ಬನ ರಾಗವು ಒಂದು ದೇಶಕ್ಕೇ ಬೆಳಗಿನ ಗುರುತಾಯಿತು. ಆ ಹೊತ್ತಿಗೆ ನನಗೆ ಈ ಸಂಗತಿ ತಿಳಿದಿರಲಿಲ್ಲ. ತಿಳಿದಿದ್ದರೆ ಆ ತಾಯಿಗೆ ಹೇಳುತ್ತಿದ್ದೆ.

ವಂದೇ ಮಾತರಂ, ಮಂಗಳವಾದ್ಯ, ಬಳಿಕ ಭಕ್ತಿಗೀತೆ. ತಾಯಿಯವರು ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಅಡುಗೆಮನೆಯ ಹೊಸ್ತಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು. ಪಕ್ಕದ ಗೂಡಿನಲ್ಲಿ ಹಳೆಯದೊಂದು ಟ್ರಾನ್ಸಿಸ್ಟರ್. ಮಗ ಯಾರಿಂದಲೋ ಕೊಂಡುತಂದದ್ದು. ಅದರ ಮುಳ್ಳು ಓಡಾಡುವ ಗಾಜಿನ ಮೇಲೆ ಎರಡು ಚುಕ್ಕೆಗಳು ಕಂಡವು. ಒಂದು ಕೆಂಪು, ಇನ್ನೊಂದು ಬಿಳಿದು. "ಇದೇನು ತಾಯಿ?" ಎಂದೆ. "ನನಗ ಅಂಕಿ ಓದಾಕ ಬರೂದಿಲ್ರೀ ಗುರುಗಳ. ಕುಂಕುಮದ ಚುಕ್ಕಿ ಮಂಗಳೂರ. ಸುಣ್ಣದ ಚುಕ್ಕಿ ಧಾರವಾಡ." ಎಲೆಯಡಿಕೆಯ ಚೀಲದ ಸುಣ್ಣ! ಮಂಗಳೂರಿನ 1089 ಕಿಲೋಹರ್ಟ್ಸ್, ಧಾರವಾಡದ 765 ಕಿಲೋಹರ್ಟ್ಸ್ ಎಂಬ ಲೆಕ್ಕಗಳೆಲ್ಲ ಆ ಎರಡು ಚುಕ್ಕೆಗಳಲ್ಲಿ ಅಡಗಿದ್ದವು.

ಆಕಾಶವಾಣಿ ಎಂಬ ಹೆಸರೇ ನಮ್ಮ ಕನ್ನಡ ನೆಲದ್ದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಪ್ರಸಾರ ಕೇಂದ್ರವನ್ನು ತೆರೆದರು. ಆ ಕೇಂದ್ರಕ್ಕೆ ಇಟ್ಟ ಹೆಸರೇ ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. 2023ರಲ್ಲಿ ಕೇಂದ್ರದ ಪ್ರಸಾರ ಸಂಸ್ಥೆಯು ಇಂಗ್ಲಿಷ್ ಹೆಸರನ್ನು ಪೂರ್ತಿಯಾಗಿ ಕೈಬಿಟ್ಟು ಆಕಾಶವಾಣಿ ಎಂಬುದೊಂದನ್ನೇ ಉಳಿಸಿಕೊಂಡಿತು. ಧಾರವಾಡದ ಕೇಂದ್ರ ಆರಂಭವಾದದ್ದು 1950ರ ಜನವರಿಯಲ್ಲಿ. ಮಂಗಳೂರಿನದು 1976ರ ಡಿಸೆಂಬರಿನಲ್ಲಿ. ಮಂಗಳೂರು ಕೇಂದ್ರದ ಧ್ವನಿಮುದ್ರಣ ನಡೆಯುವುದು ಕದ್ರಿಯ ಗುಡ್ಡದ ಮೇಲೆ. ಮಧ್ಯಮ ತರಂಗದ ಪ್ರೇಷಕವನ್ನು ನಿಲ್ಲಿಸಿದ್ದು ಉಡುಪಿಯಾಚೆಯ ಬ್ರಹ್ಮಾವರದಲ್ಲಿ.

ಭಕ್ತಿಗೀತೆಯಾದ ಮೇಲೆ ಚಿಂತನ ಬಂದಿತು. ಮೂರು ನಾಲ್ಕು ನಿಮಿಷಗಳ ಮಾತು. ನಮ್ಮಂಥವರಿಗೆ ಇದೇ ಕಠಿಣ. ಇದರ ಬಗ್ಗೆ ನನ್ನ ಅವಮಾನದ ಕಥೆಯೊಂದನ್ನು ಓದುಗ ಬಾಂಧವರಲ್ಲಿ ನಿವೇದಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದಕ್ಕೂ ಕೆಲವು ವರ್ಷಗಳ ಹಿಂದೆ ಒಂದು ಕೇಂದ್ರದವರು ಚಿಂತನಕ್ಕೆ ನನ್ನನ್ನು ಕರೆದಿದ್ದರು. ಜಾತ್ರೆಯ ವೇದಿಕೆಯ ಮೇಲೆ ನಿಂತು ಐದು ಸಾವಿರ ಜನರಿಗೆ ಕೇಳುವಂತೆ ಮಾತನಾಡಿ ರೂಢಿಯಾದ ಕಂಠ ನನ್ನದು. ಮೈಕಿನ ಮುಂದೆ ಕುಳಿತವನೇ "ಸದ್ಭಕ್ತ ಮಹಾಜನಗಳೇ!" ಎಂದು ಗರ್ಜಿಸಿದೆ. ಗಾಜಿನ ಆಚೆ ಕುಳಿತಿದ್ದ ಕಾರ್ಯಕ್ರಮದ ಅಧಿಕಾರಿ ಕಿವಿಯ ಮೇಲಿನದನ್ನು ತೆಗೆದಿಟ್ಟು ಒಳಗೆ ಬಂದು, ಕೈಮುಗಿದು ಹೇಳಿದರು: "ಶಾಸ್ತ್ರಿಗಳೇ, ಇಲ್ಲಿ ಮಹಾಜನ ಯಾರೂ ಇಲ್ಲ. ಒಲೆಯ ಮುಂದೆ ಒಬ್ಬ ತಾಯಿ ಕುಳಿತಿದ್ದಾರೆ. ಅವರೊಬ್ಬರಿಗೆ ಹೇಳಿ." ನಾಲ್ಕು ಸಲ ಮುದ್ರಿಸಿದರೂ ನನಗೆ ಆ ಸ್ವರ ಒಲಿಯಲಿಲ್ಲ. ಐದನೆಯ ಸಲಕ್ಕೆ ಹೇಗೋ ದಾಟಿತು. ಸಭೆಯಲ್ಲಿ ಮಾತು ಸೋತರೆ ಕೈಯನ್ನಾದರೂ ಎತ್ತಬಹುದು, ಕಣ್ಣನ್ನಾದರೂ ಅರಳಿಸಬಹುದು. ಇಲ್ಲಿ ಬರಿಯ ಕೊರಳೊಂದೇ. ಅದರಲ್ಲಿ ಆಡಂಬರವಿದ್ದರೆ ಕೇಳುವವರಿಗೆ ತಟ್ಟನೆ ತಿಳಿಯುತ್ತದೆ. ಅಂದು ಬೈಕಂಪಾಡಿಯಲ್ಲಿ, ಯಾರದೋ ಚಿಂತನವನ್ನು ಹೊಸ್ತಿಲ ಬಳಿ ಕುಳಿತು ಕೇಳುತ್ತಿದ್ದ ಆ ತಾಯಿಯನ್ನು ಕಂಡಾಗ ಅಧಿಕಾರಿ ಹೇಳಿದ ಒಲೆಯ ಮುಂದಿನ ತಾಯಿ ಇವರೇ ಅನ್ನಿಸಿತು.

ಏಳಕ್ಕೆ ಐದು ನಿಮಿಷವಿರುವಾಗ ಸಂಸ್ಕೃತ ವಾರ್ತೆ. 1974ರಿಂದ ಬರುತ್ತಿರುವ ಈ ವಾರ್ತೆಯನ್ನು ಓದುತ್ತಿದ್ದ ಬಲದೇವಾನಂದ ಸಾಗರರ ಕಂಠವನ್ನು ಕೇಳಿಯೇ ಮಠದ ನಮ್ಮ ವಿದ್ಯಾರ್ಥಿಗಳು ಸಂಸ್ಕೃತವು ಬಾಯಿಪಾಠದ ಭಾಷೆಯಷ್ಟೇ ಅಲ್ಲ, ಆಡುವ ಭಾಷೆಯೂ ಹೌದೆಂದು ನಂಬಿದ್ದು. ಅದರ ಬೆನ್ನಿಗೇ ಬೆಂಗಳೂರಿನಿಂದ ಪ್ರದೇಶ ಸಮಾಚಾರ. ಆ ಹೊತ್ತಿಗೆ ಮನೆಯ ಯಜಮಾನರು ರಾತ್ರಿಯ ಪಾಳಿ ಮುಗಿಸಿ, ತೊಯ್ದ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಒಳಗೆ ಬಂದರು. ಕಾರ್ಖಾನೆಯ ಕಾವಲುಗಾರರ ಕೋಣೆಯಲ್ಲಿ ಇನ್ನೊಂದು ರೇಡಿಯೋ ಇದ್ದಿತಂತೆ. ಅದರಲ್ಲಿ ರಾತ್ರಿಯಿಡೀ ರಾಷ್ಟ್ರೀಯ ಪ್ರಸಾರ ಸೇವೆ. 1988ರ ಮೇ ತಿಂಗಳಿನಲ್ಲಿ ಆರಂಭವಾದ ಈ ಸೇವೆಯು ನಾಗಪುರದ ಒಂದು ಸಾವಿರ ಕಿಲೋವಾಟಿನ ಪ್ರೇಷಕದಿಂದ ಸಂಜೆಯಿಂದ ಬೆಳಗಿನವರೆಗೆ ನಾಡಿನ ಬಹುಭಾಗವನ್ನು ಮುಟ್ಟುತ್ತಿತ್ತು. ದೇಶ ಮಲಗಿದ ಹೊತ್ತಿನಲ್ಲಿ ಎಚ್ಚರಿರಬೇಕಾದವರಿಗೆಂದೇ ಸಂಗೀತ, ವಾರ್ತೆ, ಮಾತು. "ಹಿಂದಿ ನನಗ ಅರ್ಧಾ ತಿಳೀತೈತ್ರೀ, ಉಳದರ್ಧಾ ನಿದ್ದಿ ಬರದಂಗ ಮಾಡತೈತಿ" ಎಂದು ಯಜಮಾನರು ನಕ್ಕರು.

ಮುಂಜಾನೆಯ ಪ್ರಸಾರ ಮುಗಿದ ಬಳಿಕ ರೇಡಿಯೋ ಕೆಲಹೊತ್ತು ಮೌನ. ಮಧ್ಯಾಹ್ನ ಚಿತ್ರಗೀತೆ, ಮಹಿಳೆಯರ ಕಾರ್ಯಕ್ರಮ, ಮತ್ತೆ ವಾರ್ತೆ. 1952ರ ಹೊತ್ತಿಗೆ ವಾರ್ತಾ ಮಂತ್ರಿಗಳಾಗಿದ್ದ ಬಿ.ವಿ. ಕೇಸ್ಕರರು ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ದೂರವಿಟ್ಟಿದ್ದರು. ಜನರು ಸಿಲೋನ್ ಕೇಂದ್ರದತ್ತ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ ಮೇಲೆಯೇ ಆ ಹಾಡುಗಳು ಮನೆಗೆ ಮರಳಿದ್ದು. ಕೇಸ್ಕರರ ಉದ್ದೇಶ ಒಳ್ಳೆಯದೇ. ಆದರೆ ಬಾಗಿಲು ಹಾಕಿ ಅಭಿರುಚಿ ಬೆಳೆಸಲಾಗದು ಎಂಬುದು ಮಠಗಳನ್ನು ನಡೆಸುವ ನಮಗೂ ತಿಳಿದಿರಬೇಕಾದ ಮಾತು.

ಮೂರು ಗಂಟೆಯ ಸುಮಾರಿಗೆ ಮಳೆ ತುಸು ಬಿಟ್ಟಾಗ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಹೊತ್ತು ಬೀದಿಯಲ್ಲಿ ಬಂದರು. ನಮ್ಮ ಮನೆಯವರು ಕೊಳ್ಳುವವರಲ್ಲವೆಂದು ಅವರಿಗೂ ಗೊತ್ತು. ಆದರೂ ಗೇಟಿನ ಬಳಿ ನಿಂತರು. ಒಳಗಿನಿಂದ ಈ ತಾಯಿ "ಎಂಚ ಉಲ್ಲರ್?" ಎಂದು ಕೂಗಿದರು! ಆ ಹೆಂಗಸು ನಗುತ್ತ ತುಳುವಿನಲ್ಲಿ ಏನೋ ಉತ್ತರ ಕೊಟ್ಟು ಮುಂದೆ ನಡೆದರು. ನಾನು ಬೆರಗಾಗಿ ಸೊಸೆಯ ಮುಖ ನೋಡಿದೆ. ಅವರಿಗೂ ಅದು ಹೊಸತು. "ಎಲ್ಲಿ ಕಲತ್ರಿ ತಾಯಿ?" ಎಂದರೆ, ತಾಯಿಯವರು ಗೂಡಿನ ಕಡೆ ಗದ್ದವೆತ್ತಿ ತೋರಿಸಿದರು. ಮಂಗಳೂರು ಕೇಂದ್ರವು ಕನ್ನಡದೊಡನೆ ತುಳು, ಕೊಂಕಣಿ ಕಾರ್ಯಕ್ರಮಗಳನ್ನೂ ಪ್ರಸಾರ ಮಾಡುತ್ತ ಬಂದಿದೆ. ತುಳು ನಾಟಕಗಳಲ್ಲಿ ಅತ್ತೆ ಸೊಸೆಯರ ಜಗಳ ಬಂದಾಗ ಭಾಷೆ ಬಾರದಿದ್ದರೂ ಯಾರು ಅತ್ತೆ, ಯಾರು ಸೊಸೆ ಎಂದು ತಿಳಿಯುತ್ತಿತ್ತಂತೆ. "ಅಲ್ಲಿಂದ ಒಂದೊಂದ ಮಾತು ಆರಿಸಿಕೊಂಡೆ" ಎಂದರು.

ಅಂದು ಸಂಜೆ ತಾಳಮದ್ದಲೆಯ ತುಣುಕೊಂದು ಬಂದಿತು. ತುಳುನಾಡಿನ ಈ ಕಲೆಯನ್ನು ನಮ್ಮ ಕಡೆಯ ಓದುಗರು ಬಲ್ಲರೋ ಇಲ್ಲವೋ. ಪತ್ತನಾಜೆಯ ಬಳಿಕ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸುತ್ತವೆ. ಮಳೆಗಾಲದಲ್ಲಿ ಕಲಾವಿದರು ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯಕ್ಕೆ ಕುಳಿತಲ್ಲಿಯೇ ಅರ್ಥ ಹೇಳುತ್ತಾರೆ. ಕೃಷ್ಣನೂ ಕೌರವನೂ ಬಿಳಿಯ ಪಂಚೆ ಶಲ್ಯದಲ್ಲಿ ಎದುರೆದುರು ಕುಳಿತ ಗೃಹಸ್ಥರು. ಬರೆದಿಟ್ಟ ಮಾತಿಲ್ಲ, ಅಲ್ಲಲ್ಲೇ ಹುಟ್ಟುವ ವಾದ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಸಾಮಗ ಸಹೋದರರು ಇಂಥವರ ಅರ್ಥಗಾರಿಕೆಗಾಗಿ ಜನ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ರೇಡಿಯೋ ನಾಟಕವೆಂಬುದು ಪಶ್ಚಿಮದಿಂದ ಬಂದ ಹೊಸ ಕಲೆ ಎನ್ನುತ್ತಾರೆ. ಮಾತೊಂದರಿಂದಲೇ ಅರಮನೆಯನ್ನೂ ರಣರಂಗವನ್ನೂ ಕಟ್ಟುವುದು ಈ ಕರಾವಳಿಗೆ ಹೊಸತೇನಲ್ಲ ಎಂದು ಅಂದು ನನಗೆ ತೋರಿತು.

ನಾಟಕದ ಮಾತು ಬಂದಾಗ ತಾಯಿಯವರು ಹಿಂದೊಂದು ಗುರುವಾರದ ರಾತ್ರಿ ಕೇಳಿದ ನಾಟಕದ ಸುದ್ದಿ ತೆಗೆದರು. ಆಕಾಶವಾಣಿಯು 1956ರಲ್ಲಿ ಅಖಿಲ ಭಾರತ ನಾಟಕ ಕಾರ್ಯಕ್ರಮವನ್ನು ಆರಂಭಿಸಿತು. ತಿಂಗಳಿಗೊಮ್ಮೆ ಒಂದೇ ನಾಟಕವನ್ನು ಬೇರೆ ಬೇರೆ ಭಾಷೆಗಳಿಗೆ ತರ್ಜುಮೆ ಮಾಡಿ, ಒಂದೇ ರಾತ್ರಿ ನಾಡಿನ ಕೇಂದ್ರಗಳಿಂದ ಪ್ರಸಾರ ಮಾಡುವ ಏರ್ಪಾಡು. ಬಂಗಾಳದ ಜಮೀನುದಾರನೋ ಮರಾಠಿಯ ಶಾಲಾಮಾಸ್ತರನೋ ಆ ರಾತ್ರಿ ಕನ್ನಡದಲ್ಲಿ ಮಾತನಾಡುತ್ತಿದ್ದರು. ಕಥೆ ಏನೆಂದು ತಾಯಿಯವರಿಗೆ ಸರಿಯಾಗಿ ನೆನಪಿರಲಿಲ್ಲ. ನೆನಪಿದ್ದುದು ಅದರಲ್ಲಿಯ ಮಳೆ. "ಮಳೀ ಸುರೀತೈತಿ ಅಂತಾರ್ರೀ, ಆದ್ರ ಅದು ಮಳೀ ಅಲ್ಲ. ಯಾರೋ ಮರದಾಗ ಕಾಳು ಕೇರಾಕ ಹತ್ತ್ಯಾರ. ನನಗ ತಿಳಿಯೂದಿಲ್ಲೇನು?" ಮೊರದಲ್ಲಿ ಕಾಳು ಆಡಿಸಿ ಮಳೆ ತರಿಸುವುದು, ಕಾಗದ ಮುದುಡಿ ಬೆಂಕಿ ಹಚ್ಚುವುದು, ತೆಂಗಿನ ಚಿಪ್ಪು ಬಡಿದು ಕುದುರೆ ಓಡಿಸುವುದು ಬಾನುಲಿ ನಾಟಕದವರ ಹಳೆಯ ಉಪಾಯಗಳು. ಅರವತ್ತು ವರ್ಷ ಜೋಳ ಕೇರಿದ ಕಿವಿಯನ್ನು ಅವರು ವಂಚಿಸಲಾರದೆ ಹೋದರು.

ಕತ್ತಲಾಯಿತು. ಏಳೂವರೆಯ ಹೊತ್ತಿಗೆ ತಾಯಿಯವರು ಮುಳ್ಳನ್ನು ಕುಂಕುಮದ ಚುಕ್ಕೆಯಿಂದ ಮೆಲ್ಲಮೆಲ್ಲನೆ ಸುಣ್ಣದ ಚುಕ್ಕೆಯ ಕಡೆಗೆ ಸರಿಸತೊಡಗಿದರು. ಹಗಲಲ್ಲಿ ಆ ಜಾಗದಲ್ಲಿ ಗರಗರ ಸದ್ದಿನ ಹೊರತು ಏನೂ ಇರುವುದಿಲ್ಲ; ಇದ್ದರೂ ಪಿಸುಮಾತಿನಷ್ಟು. ಘಟ್ಟದಾಚೆಯ ಧಾರವಾಡದ ಇನ್ನೂರು ಕಿಲೋವಾಟಿನ ಪ್ರಸಾರ ಸೂರ್ಯನಿರುವಾಗ ಕಡಲತೀರಕ್ಕೆ ಇಳಿದು ಬರಲು ತಿಣುಕುತ್ತದೆ. ಇದರ ಮರ್ಮವನ್ನು ಮುಂದೆ ವಿಜ್ಞಾನದ ಅಧ್ಯಾಪಕರೊಬ್ಬರು ನನಗೆ ತಿಳಿಸಿದರು. ಭೂಮಿಯ ಮೇಲೆ ಬಹು ಎತ್ತರದಲ್ಲಿ ವಿದ್ಯುತ್ಕಣಗಳ ಪದರಗಳಿವೆ. ಹಗಲಿನಲ್ಲಿ ಕೆಳಗಿನ ಪದರವು ಮಧ್ಯಮ ತರಂಗಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ. ಆಗ ತರಂಗಗಳು ಇನ್ನೂ ಮೇಲಕ್ಕೇರಿ, ಅಲ್ಲಿಯ ಪದರಕ್ಕೆ ತಾಗಿ ನೂರಾರು ಮೈಲಿ ದೂರದಲ್ಲಿ ನೆಲಕ್ಕಿಳಿಯುತ್ತವೆ. ಹಾಗೆ ಬಂದ ಧ್ವನಿ ಒಮ್ಮೆ ಉಬ್ಬುತ್ತದೆ, ಒಮ್ಮೆ ಕುಗ್ಗುತ್ತದೆ. ತಾಯಿಗೆ ಈ ಶಾಸ್ತ್ರ ಬೇಕಿರಲಿಲ್ಲ. "ಹೊತ್ತು ಮುಳಗಿದ ಮ್ಯಾಲ ಊರು ಹತ್ರ ಬರತೈತ್ರೀ" ಎಂದಷ್ಟೇ ಹೇಳಿದರು.

ಬಂದಿತು ಧಾರವಾಡ. ಯಾರೋ ಕೃಷಿಯ ಮಾತನಾಡುತ್ತಿದ್ದರು. ಹತ್ತಿಗೆ ಬಿದ್ದ ಹುಳು, ಮುಂಗಾರಿ ಹೆಸರಿನ ಕೊಯ್ಲು. ಬೈಕಂಪಾಡಿಯ ಧಾರಾಕಾರ ಮಳೆಯ ನಡುವೆ ಆ ತಾಯಿ ರೋಣದ ಎರೆಹೊಲಕ್ಕೆ ಮಳೆ ಸಾಕಾಯಿತೋ ಇಲ್ಲವೋ ಎಂದು ಕಿವಿಗೊಟ್ಟು ಕುಳಿತರು. ಬಳಿಕ ವಚನ ಗಾಯನ. ಮಲ್ಲಿಕಾರ್ಜುನ ಮನಸೂರರ ಕಂಠ! 1992ರಲ್ಲಿಯೇ ಅವರು ಲಿಂಗೈಕ್ಯರಾಗಿದ್ದರು. ಧಾರವಾಡ ಕೇಂದ್ರದ ಸಂಗೀತ ಸಲಹೆಗಾರರಾಗಿಯೂ ಸೇವೆ ಸಲ್ಲಿಸಿದ ಆ ಮಹಾನುಭಾವರ ಧ್ವನಿಮುದ್ರಿಕೆಗಳನ್ನು ಕೇಂದ್ರವು ಕಾಪಾಡಿಕೊಂಡಿತ್ತು. ಶರಣರ ನುಡಿಯನ್ನು ಹಿಂದುಸ್ತಾನೀ ರಾಗದಲ್ಲಿ ತೊಡಿಸಿದರೂ ಮಾತು ಮುಚ್ಚಿಹೋಗದಂತೆ ಹಾಡುವುದು ಎಲ್ಲರಿಗೂ ಸಾಧ್ಯವಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅನೇಕ ಅಂಧ ಗಾಯಕರೂ ಆಕಾಶವಾಣಿಯ ಕಲಾವಿದರಾಗಿ ಬದುಕು ಕಟ್ಟಿಕೊಂಡದ್ದನ್ನು ಇಲ್ಲಿ ನೆನೆಯಬೇಕು. ಕಾಣದವರು ಹಾಡಿದ್ದನ್ನು ಕಾಣದ ಜನರು ಕೇಳುತ್ತಿದ್ದರು. ಒಂದು ವಿಚಿತ್ರವೆಂದರೆ, ಪಂಡಿತ ಪುಟ್ಟರಾಜ ಗವಾಯಿಗಳ ಬೆರಳಿನಲ್ಲಿ ಅಷ್ಟು ಸುಂದರವಾಗಿ ನುಡಿದ ಹಾರ್ಮೋನಿಯಮ್ಮಿಗೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪ್ರವೇಶವೇ ಇರಲಿಲ್ಲ. ಅದು ವಿದೇಶೀ ವಾದ್ಯ, ನಮ್ಮ ಶ್ರುತಿಗಳು ಅದರಲ್ಲಿ ನುಡಿಯವು ಎಂಬುದು ಆಗಿನ ಪಂಡಿತರ ವಾದ. ಕವಿ ರವೀಂದ್ರರಿಗೂ ಅದು ಹಿಡಿಸುತ್ತಿರಲಿಲ್ಲ. ವಾದದಲ್ಲಿ ಸತ್ಯವಿದ್ದೀತು. ಆದರೆ ನಮ್ಮ ಹಳ್ಳಿಗಳ ಭಜನೆ, ನಾಟಕಗಳನ್ನೆಲ್ಲ ಹೊತ್ತು ನಡೆದ ವಾದ್ಯವನ್ನು ಮೂವತ್ತು ವರ್ಷ ಹೊರಗೆ ನಿಲ್ಲಿಸಿದ್ದು ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಅಂದು ಶನಿವಾರ. ರಾತ್ರಿ ಒಂಬತ್ತೂವರೆಗೆ ಅಖಿಲ ಭಾರತ ಸಂಗೀತ ಕಾರ್ಯಕ್ರಮ. 1952ರ ಜುಲೈ ತಿಂಗಳಿನಿಂದ ನಡೆದುಬಂದ ಪದ್ಧತಿ. ನಾಡಿನ ಕೇಂದ್ರಗಳೆಲ್ಲ ಆ ಹೊತ್ತಿಗೆ ದೆಹಲಿಯಿಂದ ಬರುವ ಒಂದೇ ಕಛೇರಿಯನ್ನು ಬಿತ್ತರಿಸುತ್ತಿದ್ದವು. ನಾನು ವಿದ್ಯಾರ್ಥಿಯಾಗಿದ್ದಾಗ ನಮ್ಮ ಮಠದಲ್ಲಿ ರೇಡಿಯೋಕ್ಕೆ ನಿಷೇಧವಿದ್ದಿತು, ಶನಿವಾರದ ಈ ಒಂದೂವರೆ ಗಂಟೆಯ ಹೊರತು. ಹಿರಿಯ ಗುರುಗಳೇ ಪೆಟ್ಟಿಗೆಯ ಕೀಲಿ ತೆಗೆಯುತ್ತಿದ್ದರು. ಅಂದು ಹಾಡಿದವರು ಉತ್ತರದ ಗಾಯಕರೊಬ್ಬರು. ರಾಗ ದರಬಾರಿ ಕಾನಡಾ. ಧಾರವಾಡದ ಮುಳ್ಳಿನಲ್ಲಿ ಆಲಾಪ ಒಮ್ಮೆ ತೇಲಿ ಒಮ್ಮೆ ಮುಳುಗಿ, ನಡುನಡುವೆ ಸಿಡಿಲಿನ ಚಟಪಟ ಸೇರಿ ಕೇಳುವುದು ಕಷ್ಟವಾಯಿತು. ನಾನು ತಡೆಯಲಾರದೆ, "ತಾಯಿ, ಇದೇ ಹಾಡು ಮಂಗಳೂರಿನಲ್ಲಿಯೂ ಬರುತ್ತಿದೆ, ಸ್ವಚ್ಛವಾಗಿ ಕೇಳುತ್ತದೆ" ಎಂದು ಮುಳ್ಳನ್ನು ಕುಂಕುಮದ ಚುಕ್ಕೆಗೆ ತಂದೆ. ನಿಜವಾಗಿಯೂ ತಂಬೂರಿಯ ಒಂದೊಂದು ತಂತಿಯೂ ಕೇಳುವಂತಿತ್ತು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೈಚಾಚಿ ಮುಳ್ಳನ್ನು ಮತ್ತೆ ಸುಣ್ಣದ ಚುಕ್ಕೆಗೆ ಒಯ್ದರು.

"ಹಾಡು ಅದs ಐತ್ರೀ ಗುರುಗಳ. ಆದ್ರ ಇದು ಊರಿಂದ ಬರತೈತಿ."

ನಾನು ಕಟ್ಟಿಟ್ಟುಕೊಂಡಿದ್ದ ಉಪದೇಶದ ಮಾತುಗಳು ಅಲ್ಲಿಗೆ ಮುಗಿದವು. ಕಛೇರಿ ಮುಗಿಯುವವರೆಗೆ ಆ ಏರಿಳಿತದಲ್ಲಿಯೇ ಮೂವರೂ ಕೇಳಿದೆವು; ಸೊಸೆಯೂ ಬಂದು ಅತ್ತೆಯ ಮಗ್ಗುಲಲ್ಲಿ ಕುಳಿತಿದ್ದರು. ಮರುದಿನ ನಾನು ಹೊರಡುವಾಗ ತಾಯಿಯವರು ಹಣ್ಣು ಕೊಟ್ಟು ನಮಸ್ಕರಿಸಿ, ತಾವಾಗಿಯೇ, "ಮಳಿಗಾಲ ಮುಗಿಯೂತನಕಾ ಇರತೀನ್ರೀ, ಆಮ್ಯಾಲ ನೋಡೂಣು" ಎಂದರು.

ಮಳೆಗಾಲಗಳು ಹದಿಮೂರು ಕಳೆದವು. ಆ ತಾಯಿ ಬೈಕಂಪಾಡಿಯಲ್ಲಿಯೇ 2011ರಲ್ಲಿ ಲಿಂಗೈಕ್ಯರಾದರು. ಅವರನ್ನು ಅಲ್ಲಿ ಉಳಿಸಿದ್ದು ರೇಡಿಯೋ ಎಂದು ನಾನು ಹೇಳಲಾರೆ. ಸೊಸೆಯ ಸಹನೆ ದೊಡ್ಡದು. ಗೇಟಿನ ಬಳಿ ನಿಲ್ಲುತ್ತಿದ್ದ ಆ ಮೀನುಗಾರ ಹೆಂಗಸಿನ ನಗೆಯೂ ಸಣ್ಣದಲ್ಲ.

ಈಚೆಗೆ ಮತ್ತೆ ಆ ಮನೆಗೆ ಹೋಗುವ ಯೋಗ ಬಂದಿತು. ಯಜಮಾನರು ನಿವೃತ್ತರು. ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರ್, ರಜೆಗೆ ಬಂದಿದ್ದ. ಬಾನುಲಿಯ ಜಗತ್ತೂ ಬದಲಾಗಿದೆ. ಎಫ್.ಎಂ. ಪ್ರಸಾರ ಬಹು ಸ್ವಚ್ಛ. ಆದರೆ ಅದು ಆಕಾಶದಿಂದ ಮರಳಿ ಬರುವಂಥದಲ್ಲ. ಘಟ್ಟ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತದೆ. ರಾತ್ರಿಯ ಪಾಳಿಯವರ ಜೊತೆಗಾರನಾಗಿದ್ದ ರಾಷ್ಟ್ರೀಯ ಪ್ರಸಾರ ಸೇವೆಯನ್ನು 2019ರ ಆರಂಭದಲ್ಲಿ ನಿಲ್ಲಿಸಿದರು. ದೇಶದ ಹಲವೆಡೆ ಮಧ್ಯಮ ತರಂಗದ ಹಳೆಯ ಪ್ರೇಷಕಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದಾರೆ. ಖರ್ಚು ಹೆಚ್ಚು, ಕೇಳುಗರು ಕಡಿಮೆ ಎನ್ನುತ್ತಾರೆ, ಇರಬಹುದು. ಮೊಮ್ಮಗ ತನ್ನ ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದು ಧಾರವಾಡದ ಹೆಸರನ್ನು ಒತ್ತಿದ. ಹಾಡಹಗಲಿನಲ್ಲಿ, ಒಂದಿಷ್ಟೂ ಗರಗರವಿಲ್ಲದೆ ಧಾರವಾಡ ಮಾತನಾಡಿತು. "ಅಜ್ಜಿ ಇದ್ದಿದ್ದರೆ ಎಷ್ಟು ಸಂತೋಷಪಡ್ತಿದ್ರು, ಅಲ್ವೇ ಗುರುಗಳೇ? ಯಾವ ಹೊತ್ತಿಗೆ ಬೇಕಾದರೂ ಸಿಗುತ್ತೆ" ಎಂದ. ಅವನ ಮಾತಿನಲ್ಲಿ ರೋಣವೂ ಇರಲಿಲ್ಲ, ತುಳುನಾಡೂ ಇರಲಿಲ್ಲ. ಹೌದಪ್ಪ ಎಂದೆ. ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದ ಆ ಮುಖವನ್ನು ಅವನಿಗೆ ಹೇಗೆ ವಿವರಿಸಲಿ?

ಒಳಗೆ ಅಡುಗೆಮನೆಯಲ್ಲಿ ಹೊಸ ಎಫ್.ಎಂ. ರೇಡಿಯೋ ತುಳುವಿನಲ್ಲಿ ಏನೋ ಹೇಳುತ್ತಿತ್ತು. ಆ ಸೊಸೆಗೆ ಈಗ ತಲೆ ನರೆತಿದೆ. ಕೇಳುತ್ತ ಕೇಳುತ್ತ ತನ್ನಷ್ಟಕ್ಕೆ ನಗುತ್ತಿದ್ದರು. ಹಳೆಯ ಟ್ರಾನ್ಸಿಸ್ಟರ್ ಅದೇ ಗೂಡಿನಲ್ಲಿದೆ. ಶ್ರಾವಣದ ಶುಚಿಯ ದಿನವಾದ್ದರಿಂದ ಅವರು ಒದ್ದೆಯ ಬಟ್ಟೆ ತಂದು ಅದರ ಧೂಳು ಒರೆಸತೊಡಗಿದರು. ಕುಂಕುಮ ಎಂದೋ ಅಳಿಸಿಹೋಗಿದೆ. ಗಾಜಿನ ಮೇಲೆ ಬಟ್ಟೆ ಆಡಿಸುವಾಗ ಅವರ ಕೈ ಸುಣ್ಣದ ಚುಕ್ಕೆಯ ಬಳಿ ಬಂದು, ಅದನ್ನು ಬಿಟ್ಟು, ಸುತ್ತ ಒರೆಸಿ ಮುಂದೆ ಹೋಯಿತು.